ಓಣಿಯೊಳಗ ಬಾಯಾರು, ಕೈಯಾಗ ಸೂಜಿ

ಕೂಸುಗಳಿಗೆ ಸೂಜಿ ಹಾಕುವ ನೌಕರಿ ಹಿಡಿದವರು ನಗದೆ ಮನೆಗೆ ಬಂದರೆ ಅವತ್ತು ಅವರು ಓಣಿಗೆ ಹೋಗಿಲ್ಲ ಅಂತಲೇ ಅರ್ಥ. ಎಪ್ಪತ್ತರ ದಶಕದಲ್ಲಿ ನಾನು ಸರಕಾರಿ ದವಾಖಾನೆಯ ನರ್ಸ್. ರಾಮದುರ್ಗ, ಸವದತ್ತಿ, ಬೈಲಹೊಂಗಲ ಅಂತ ವರ್ಗ ಆಗುತ್ತ ಹೋದೆ. ಊರು ಯಾವುದಾದರೂ ನನ್ನ ಪಾಲಿಗೆ ಬರುತ್ತಿದ್ದದ್ದು ಬಡವರ ಓಣಿಗಳೇ. ಅಲ್ಲಿ ಎಲ್ಲರೂ ನನ್ನನ್ನು ಮರ್ಯಾದೆ ಕೊಟ್ಟು ಕರೆಯುತ್ತಿದ್ದದ್ದು ‘ಬಾಯಾರು’ ಅಂತ. ಪ್ರೀತಿ ಬಂದರೆ ಚಹಾ, ಸಿಟ್ಟು ಬಂದರೆ ಮುಚ್ಚಿದ ಬಾಗಿಲು.

ಕುಣಿಯೊಳಗಿನ ಉತ್ತರ

ರಾಮದುರ್ಗದ ನೇಕಾರರ ಓಣಿಗೆ ಸಿಡುಬಿನ ಲಸಿಕೆ ಹಾಕಲು ಹೋಗಿದ್ದೆ. ಬೀದಿ ತುಂಬ ಆಡುತ್ತಿದ್ದ ಹುಡುಗರು ನನ್ನ ಚೀಲ ಕಂಡದ್ದೇ ತಡ, ಮಾಯ. ಒಂದು ಮನೆಯ ಕಟ್ಟೆಯ ಮೇಲೆ ಅಜ್ಜಿಯೊಬ್ಬಳು ನೂಲು ಸುತ್ತುತ್ತ ಕೂತಿದ್ದಳು. ಮಕ್ಕಳೆಲ್ಲಿ ಅಂತ ಕೇಳಿದೆ. ಈ ಮನೆಯಲ್ಲಿ ಮಕ್ಕಳೇ ಇಲ್ಲ ಅಂದಳು. ಹಗ್ಗದ ಮೇಲೆ ಸಣ್ಣ ಸಣ್ಣ ಚಡ್ಡಿ ಸಾಲಾಗಿ ಒಣಗುತ್ತಿದ್ದವು. ಅವು ಯಾರವು ಅಂದೆ. ನೇಕಾರರ ಮನೆಯಲ್ಲಿ ಬಟ್ಟೆ-ಅರಿವಿ ಇರದೆ ಮತ್ತೇನು ಇರುತ್ತದೆ ಅಂತ ಆಕೆಯೇ ನನ್ನನ್ನು ಕೇಳಿದಳು.

ಒಳಗೆ ಹೋದೆ. ನೇಕಾರ ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯ ಮೇಲೆ ಯಾರೋ ಕೌದಿ ಹೊದಿಸಿದ್ದರು. ಕೌದಿ ಅಲುಗಾಡುತ್ತಿತ್ತು. ಬಗ್ಗಿ, ‘ಒಳಗ ಯಾರದೀರಿ?’ ಅಂದೆ.

‘ಯಾರೂ ಇಲ್ರಿ,’ ಅಂದವು ನಾಲ್ಕೈದು ದನಿ ಕೂಡಿ.

ಅಜ್ಜಿ ಕಟ್ಟೆಯಿಂದಲೇ, ‘ನಾ ಹೇಳಿದ್ರ ನಂಬಲಿಲ್ಲ. ಈಗರ ಖಾತ್ರಿ ಆತಿಲ್ರಿ?’ ಅಂದಳು.

ಜ್ವರದ ತಕರಾರು

ಸವದತ್ತಿಯಲ್ಲಿ ಕಲ್ಲು ಒಡೆಯುವವರ ಓಣಿ. ನಾಯಿಕೆಮ್ಮಿನ ಸೂಜಿ ಹಾಕಿದ ಮೇಲೆ ಜ್ವರ ಬಂದರೆ ಅಂಜಬೇಡಿ, ಔಷಧಿ ತನ್ನ ಕೆಲಸ ಮಾಡುತ್ತಿದೆ ಅಂತ ತಿಳಿಯಿರಿ ಎಂದು ತಾಯಂದಿರಿಗೆಲ್ಲ ಹೇಳಿದ್ದೆ. ಅದನ್ನು ಅವರು ನಾನು ಬಯಸಿದ್ದಕ್ಕಿಂತ ಹೆಚ್ಚೇ ನಂಬಿದರು.

ಮರುದಿನ ಒಬ್ಬಾಕೆ ಕೂಸನ್ನು ಬಗಲಲ್ಲಿ ಎತ್ತಿಕೊಂಡು ದವಾಖಾನೆಗೆ ಜಗಳಕ್ಕೆ ಬಂದಳು. ಬಾಜೂ ಮನೆಯ ಕೂಸಿಗೆ ಮೈ ಸುಡುವಂಥ ಜ್ವರ ಬಂದಿದೆ, ತನ್ನ ಕೂಸು ಮಾತ್ರ ಆರಾಮ ಮಲಗಿ ಎದ್ದಿದೆ, ಬರೀ ನೀರು ಚುಚ್ಚಿ ಕಳಿಸಿದಿರೇನು ಅಂತ ಆಕೆಯ ಸಿಟ್ಟು. ಬಗಲಲ್ಲಿದ್ದ ಕೂಸು ನನ್ನನ್ನು ನೋಡಿ ನಗುತ್ತಿತ್ತು. ಎಲ್ಲರಿಗೂ ಹಾಕಿದ್ದು ಒಂದೇ ಔಷಧಿ, ಮೈ ಮಾತ್ರ ಬೇರೆ ಬೇರೆ ಅಂತ ಎಷ್ಟು ತಿಳಿಸಿದರೂ ಆಕೆಗೆ ಸಮಾಧಾನ ಆಗಲಿಲ್ಲ.

ಎರಡನೇ ಸೂಜಿಗೆ ಪಾಳಿಯಲ್ಲಿ ಎಲ್ಲರಿಗಿಂತ ಮುಂದೆ ಆಕೆಯೇ. ಸೀಸೆ ತೋರಿಸಿ, ‘ಬಾಯಾರ, ಈ ಸಲ ಮ್ಯಾಲಿನ ತಿಳಿ ಬ್ಯಾಡ್ರಿ. ತಳದಾಗಿನ ಗಟ್ಟೀದ ಹಾಕ್ರಿ,’ ಅಂದಳು.

ಹತ್ತಿಯೊಳಗಿನ ಅಪ್ಪ

ಬೈಲಹೊಂಗಲದಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ಹಿಂದಿನ ಗುಡಿಸಲಲ್ಲಿ ಒಬ್ಬ ಹಮಾಲನಿದ್ದ. ಅವನ ಮೊದಲ ಕೂಸು ನಾಯಿಕೆಮ್ಮಿಗೆ ತೀರಿಕೊಂಡಿತ್ತು. ಎರಡನೆಯದಕ್ಕೆ ಸೂಜಿ ಹಾಕಿಸಬೇಕೆಂದು ಅವನ ಹೆಂಡತಿಗೂ ತಾಯಿಗೂ ಆಸೆ. ಅವನು ಮಾತ್ರ ಒಪ್ಪಲೊಲ್ಲ. ಆ ಸೂಜಿ ಹಾಕಿಸಿದರೆ ದೊಡ್ಡದಾದ ಮೇಲೆ ಮಕ್ಕಳಾಗುವುದಿಲ್ಲ ಎಂಬ ಸುದ್ದಿ ಸಂತೆಯಲ್ಲಿ ಕೇಳಿ ಬಂದಿದ್ದ. ನಾನು ಹೋದಾಗಲೆಲ್ಲ ಬಾಗಿಲಿಗೆ ಅಡ್ಡ ನಿಂತು ಕೈ ಮುಗಿದು ಕಳಿಸುತ್ತಿದ್ದ. ಒಂದನ್ನು ಕಳಕೊಂಡವನ ಅಂಜಿಕೆ ಅದು. ನನಗೆ ಸಿಟ್ಟು ಬರುತ್ತಿರಲಿಲ್ಲ, ಆದರೆ ಆ ಕೂಸಿನ ಕೆಮ್ಮು ಕೇಳಿದರೆ ಮರುದಿನ ಮತ್ತೆ ಅದೇ ಬಾಗಿಲಿಗೆ ಹೋಗುತ್ತಿದ್ದೆ.

ಗಂಡಸರನ್ನು ಸರಕಾರಿ ಜೀಪಿನಲ್ಲಿ ಹಿಡಿದೊಯ್ದು ಮಕ್ಕಳಾಗದಂತೆ ಆಪರೇಶನ್ ಮಾಡುತ್ತಾರೆ ಅಂತ ಊರೆಲ್ಲ ನಡುಗುತ್ತಿದ್ದ ಕಾಲ. ಒಂದು ದಿನ ದವಾಖಾನೆಯ ಜೀಪು ನನ್ನನ್ನು ಆ ಓಣಿಯವರೆಗೆ ಬಿಡಲು ಬಂತು. ಹಾರ್ನ್ ಕೇಳಿದ್ದೇ ಓಣಿಯ ಗಂಡಸರೆಲ್ಲ ದಿಕ್ಕಾಪಾಲು. ಹಮಾಲ ಜಿನ್ನಿನ ಗೋಡೆ ಹಾರಿ ಹತ್ತಿಯ ರಾಶಿಯೊಳಗೆ ಹೊಕ್ಕ.

ಅವನ ತಾಯಿ ಕೂಸನ್ನು ತಂದು ನನ್ನ ಮುಂದೆ ಕೂತಳು. ‘ಸಾವಕಾಶ ಹಾಕ್ರಿ. ಜೀಪ ನಿಂತಿರೂಮಟಾ ಅವ ಬರೂದಿಲ್ಲ,’ ಅಂದಳು.

ಸೂಜಿ ತಾಗಿ ಕೂಸು ಕಿರುಚಿತು. ಅಪ್ಪನಿಗೆ ತಡಕೊಳ್ಳಲು ಆಗಲಿಲ್ಲ. ಮತ್ತೆ ಗೋಡೆ ಹಾರಿ ಓಡಿಬಂದ. ತಲೆ, ಹುಬ್ಬು, ಮೀಸೆ ಎಲ್ಲ ಹತ್ತಿ ಮೆತ್ತಿಕೊಂಡು ಎಂಬತ್ತರ ಮುದುಕನಂತೆ ಕಾಣುತ್ತಿದ್ದ. ಸೂಜಿಗಿಂತ ಅವನನ್ನು ನೋಡಿಯೇ ಕೂಸು ಹೆಚ್ಚು ಅತ್ತಿತು.

‘ನನ್ನ ಕೂಸಿಗೆ ಏನ ಮಾಡಿದ್ರಿ?’ ಅಂದ.

ನಾನು ಬಾಯಿ ತೆರೆಯುವ ಮೊದಲೇ ಅವನ ತಾಯಿ, ‘ಕೂಸಿಂದು ಮುಗೀತು. ಇನ್ನ ನಿನ್ನ ಪಾಳಿ,’ ಅಂದಳು. ಅವನು ಬಂದ ದಾರಿಯಲ್ಲೇ ಗೋಡೆ ಹಾರಿದ.

ಎರಡನೇ ಸೂಜಿಯ ದಿನ ಹತ್ತಿರ ಬಂದಾಗ ಅವನ ತಾಯಿ ತಾನೇ ದವಾಖಾನೆಗೆ ಬಂದಳು. ಕೂಸು ಆರಾಮ ಇದೆ, ಕೆಮ್ಮಿಲ್ಲ ಅಂತ ಹೇಳಿ ನನ್ನ ಕೈ ಹಿಡಿದಳು. ಆಮೇಲೆ ಆಚೀಚೆ ನೋಡಿ ದನಿ ತಗ್ಗಿಸಿದಳು.

‘ಬಾಯಾರ, ಈ ಸಲ ನಡಕೊಂತ ಬರಬ್ಯಾಡ್ರಿ, ಜೀಪಿನ್ಯಾಗ ಬರ್ರಿ. ನಿಮ್ಮನ್ನಷ್ಟ ಕಂಡ್ರ ಅವ ಓಡೂದಿಲ್ಲ.’