ಟ್ಯಾಂಕಿನ ನೀರಿಗೊಂದು ವರದಿ

ನಾನು ಚಿನ್ನದ ಗಣಿ ಪ್ರದೇಶದ ಊರಿಗಾಂನ ಒಂದು ಶಾಲೆಯಲ್ಲಿ ವಿಜ್ಞಾನದ ಟೀಚರ್. ಪ್ರಯೋಗ ಮಾಡಿದರೆ ಪುಸ್ತಕದಲ್ಲಿರುವ ಉತ್ತರವೇ ಬರುತ್ತದೆ ಎಂದು ನಂಬಿದವರು ಒಮ್ಮೆ ನಮ್ಮ ಕಡೆ ಬಂದು ನೋಡಬೇಕು. ಇಲ್ಲಿ ನಾವು ಕೈ ಹಾಕುವ ಮೊದಲೇ ಊರಿನವರು ಕೈ ಹಾಕಿರುತ್ತಾರೆ.

ಲಗತ್ತು

ಶಾಲೆಯ ಮಹಡಿ ಮೇಲೊಂದು ನೀರಿನ ಟ್ಯಾಂಕಿದೆ. ಅದನ್ನು ಕೊನೆಯ ಸಲ ತೊಳೆಸಿದ ಹೆಡ್‌ಮಾಸ್ಟರು ಎಂದೋ ನಿವೃತ್ತರಾದರು. ಆ ನೀರು ಕುಡಿದ ಮಕ್ಕಳು ಹೊಟ್ಟೆ ಹಿಡಿದುಕೊಂಡು ಮನೆಗೆ ಹೋಗುವುದನ್ನು ನೋಡಲಾರದೆ, ಟ್ಯಾಂಕ್ ತೊಳೆಸಿಕೊಡಿ ಎಂದು ಅರ್ಜಿ ಬರೆದುಕೊಂಡು ಬಂಗಾರಪೇಟೆಯ ಶಿಕ್ಷಣ ಇಲಾಖೆಯ ಕಚೇರಿಗೆ ಹೋದೆ.

ಅಲ್ಲಿನ ಸಾಹೇಬರು ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿದರು. "ನೀರು ಕೆಟ್ಟಿದೆ ಅಂತ ಬರೆದಿದ್ದೀರಿ. ವರದಿ ಎಲ್ಲಿ?"

"ಸಾರ್, ವಾಸನೆ ಬರ್ತಿದೆ."

"ವಾಸನೇನ ಫೈಲಿಗೆ ಲಗತ್ತಿಸೋಕೆ ಆಗಲ್ಲಮ್ಮ."

ಮರ್ಯಾದೆ

ವರದಿ ತಾನೇ, ನಾವೇ ಮಾಡೋಣ ಎಂದುಕೊಂಡೆ. ಒಂಬತ್ತನೇ ತರಗತಿಯವರ ವಿಜ್ಞಾನ ಪ್ರಾಜೆಕ್ಟಿಗೆ ಅದೇ ವಿಷಯ ಕೊಟ್ಟೆ. ನೀರಿನ ಪರೀಕ್ಷೆಗೆಂದು ಒಳಗೆ ಮದ್ದು ಹಾಕಿದ ಪುಟ್ಟ ಬಾಟಲಿಗಳನ್ನು ತರಿಸಿದೆ. ಅವುಗಳಲ್ಲಿ ನೀರು ತುಂಬಿ ಎರಡು ದಿನ ಇಟ್ಟರೆ, ಕೊಳಕು ನೀರು ಕಪ್ಪಾಗುತ್ತದೆ. ಟ್ಯಾಂಕಿನ ನೀರಿಗೆ ಹೋಲಿಸಿ ನೋಡಲು ಮೊದಲು ಊರಿನ ನೀರು ಬೇಕಲ್ಲ. ಮಕ್ಕಳು ಮನೆಮನೆ ತಿರುಗಿ ತುಂಬಿಸಿಕೊಂಡು ಬಂದರು.

ಮನೆಗಳಿಂದ ತಂದ ಒಂದು ಬಾಟಲಿಯೂ ಕಪ್ಪಾಗಲಿಲ್ಲ. ಗಂಗೆ ನಮ್ಮೂರಲ್ಲೇ ಹರಿಯುತ್ತಿದ್ದಾಳೇನೋ ಎಂದು ಅನುಮಾನ ಬಂದು, ಚಾಂಪಿಯನ್ ರೀಫ್ಸ್‌ನಲ್ಲಿ ಗಣಿ ಕೆಲಸಗಾರರ ಲೈನ್ ಮನೆಯ ಅಜ್ಜಿಯೊಬ್ಬರನ್ನು ಕೇಳಿದೆ. "ನಲ್ಲಿ ನೀರೇ ಕೊಟ್ರಾ ಅಜ್ಜಿ?"

"ಏನ್ ಟೀಚರಮ್ಮ ಇಂಗ್ ಕೇಳ್ತೀಯಾ? ಇಸ್ಕೂಲಿಂದ ಬಂದೋರ್ಗೆ ನಲ್ಲಿ ನೀರ್ ಕೊಡ್ತಾರಾ? ಕ್ಯಾನ್ ನೀರ್ ಕೊಟ್ಟೆ. ನಮ್ಗೂ ಮಾನ ಮರ್ಯಾದೆ ಐತೆ."

ವಿಚಾರಿಸಿದರೆ ಎಲ್ಲ ಮನೆಯಲ್ಲೂ ಅದೇ ಕಥೆ. ಬೇತಮಂಗಲದ ಕಡೆಯ ಒಂದು ಮನೆಯವರಂತೂ ಕಾಯಿಸಿ, ಆರಿಸಿ, ಜೀರಿಗೆ ಹಾಕಿ ಕೊಟ್ಟಿದ್ದರು.

ಒಳಗಿನ ವಿಷಯ

ಊರಿನ ಸಹವಾಸವೇ ಬೇಡವೆಂದು, ತರಗತಿಯ ಲೀಡರ್ ಹುಡುಗಿ ತಾನೇ ಮಹಡಿ ಹತ್ತಿ ಟ್ಯಾಂಕಿನ ನೀರು ತುಂಬಿಸಿದಳು. ಮೂರನೆಯ ದಿನಕ್ಕೆ ಬಾಟಲಿ ಕಾಡಿಗೆಯಂತೆ ಕಪ್ಪು. ಮಕ್ಕಳು ಚಪ್ಪಾಳೆ ತಟ್ಟಿದರು. ಕುಡಿಯುವ ನೀರು ವಿಷವೆಂದು ಗೊತ್ತಾಗಿ ಇಷ್ಟು ಸಂತೋಷಪಟ್ಟವರು ಬೇರೆಲ್ಲೂ ಇರಲಿಕ್ಕಿಲ್ಲ. ಅಂದಿನಿಂದ ಎಲ್ಲರೂ ಮನೆಯಿಂದಲೇ ನೀರು ತರಬೇಕೆಂದು ಹೇಳಿದೆ.

ಈಗಿನ ಹೆಡ್‌ಮಾಸ್ಟರಿಗೆ ಮಾತ್ರ ಸಂಕಟ. "ಮೇಡಂ, ಇದನ್ನ ನಮ್ಮ ವಿಜ್ಞಾನ ಪ್ರದರ್ಶನಕ್ಕೆ ಇಡಬೇಡಿ. ಶಾಲೆ ಹೆಸರು ಕೆಡುತ್ತೆ."

"ನೀರು ಕೆಟ್ಟಿದೆಯಲ್ಲ ಸಾರ್?"

"ಅದು ಒಳಗಿನ ವಿಷಯ. ಹೆಸರು ಹೊರಗಿನದು."

ನಾನು ಹಟ ಹಿಡಿದು ಇಟ್ಟೇ ಇಟ್ಟೆ.

ಮುಖ್ಯ ಅತಿಥಿ

ಪ್ರದರ್ಶನಕ್ಕೆ ಮುಖ್ಯ ಅತಿಥಿ ಅದೇ ಬಂಗಾರಪೇಟೆಯ ಸಾಹೇಬರು. ಅವರು ಕಣ್ಣಾರೆ ಕಪ್ಪು ಬಾಟಲಿ ನೋಡಲಿ ಎಂದು ನಾನು ಕಾದಿದ್ದೆ. ಮೇಜಿನ ಹತ್ತಿರ ಹೋಗಿ ನೋಡುತ್ತೇನೆ, "ನಮ್ಮ ಶಾಲೆಯ ಟ್ಯಾಂಕಿನ ನೀರು" ಎಂಬ ಚೀಟಿಯ ಮುಂದೆ ಬಾಟಲಿ ಫಳಫಳ ಹೊಳೆಯುತ್ತಿದೆ.

ಕಸ ಗುಡಿಸುವ ಆಯಮ್ಮ ಹೆಮ್ಮೆಯಿಂದ ಹೇಳಿದಳು, "ದೊಡ್ಡೋರ್ ಬತ್ತಾರೆ ಅಂದ್ರಲ್ಲ ಮೇಡಂ. ಒಂದ್ ಬಾಟ್ಲಿ ಕರ್ರಗಾಗೋಗಿತ್ತು. ಉಣಸೇಹಣ್ಣಾಕಿ ತಿಕ್ಕಿ, ಕ್ಯಾನ್ ನೀರ್ ತುಂಬಿಟ್ಟೆ."

ಅಷ್ಟರಲ್ಲಿ ಸಾಹೇಬರು ಬಂದು ಚೀಟಿ ಓದಿಯಾಗಿತ್ತು. "ಇಂಥ ನೀರಿಗೇನಮ್ಮ ನೀವು ಅರ್ಜಿ ಹಾಕಿದ್ದು?" ಎಂದು ನಕ್ಕು, ನೆರೆದ ತಂದೆತಾಯಂದಿರಿಗೆಲ್ಲ ಕಾಣುವಂತೆ ಟ್ಯಾಂಕಿನ ನಲ್ಲಿಗೆ ಲೋಟ ಹಿಡಿದರು.

"ಸಾರ್, ಕುಡೀಬೇಡಿ," ಎಂದೆವು ನಾನೂ ಲೀಡರ್ ಹುಡುಗಿಯೂ ಒಟ್ಟಿಗೆ.

"ಅತಿಥಿಗಳನ್ನ ತಡೀಬಾರದು," ಎಂದರು ಹೆಡ್‌ಮಾಸ್ಟರು.

ಸಾಹೇಬರು ಎರಡು ಲೋಟ ಕುಡಿದರು. ಆಮೇಲೆ ನಾಲ್ಕು ದಿನ ಅವರು ಕಚೇರಿಗೆ ಬರಲಿಲ್ಲವಂತೆ. ನನಗೂ ಪಾಪ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಐದನೆಯ ದಿನ ಅವರದೇ ಫೋನ್ ಬಂತು. ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

"ಮೇಡಂ, ನಾಳೆ ಟ್ಯಾಂಕ್ ತೊಳೆಯೋರು ಬರ್ತಾರೆ. ಅದೇ ಅರ್ಜಿ ಇನ್ನೊಂದು ಸಲ ಕಳಿಸಿಕೊಡಿ."

"ವರದಿ ಲಗತ್ತಿಸಬೇಕಾ ಸಾರ್?"



"ಬೇಡಮ್ಮ. ವರದಿಯಾಗಿ ನಾನೇ ಇದ್ದೀನಲ್ಲ."