ಹೈಸ್ಕೂಲ್ ಬ್ಯಾಂಡಿನಿಂದ ಬಂದ ಶಿಸ್ತು

ಶಾಲೆಗೆ ಬ್ಯಾಂಡ್ ಇದ್ದರೆ ಏನಾದರೊಂದು ಆಗುತ್ತಲೇ ಇರುತ್ತದೆ. ಬ್ಯಾಂಡ್ ಇಲ್ಲದ ಶಾಲೆಗಳಲ್ಲಿ ಪಾಠ ನಡೆಯುತ್ತದೆ ಎಂದು ಕೇಳಿದ್ದೇನೆ. ನೋಡಿಲ್ಲ.

ದಾಂಡೇಲಿಯ ಒಂದು ಹೈಸ್ಕೂಲಿನಲ್ಲಿ ನಾನು ಡ್ರಿಲ್ ಮಾಸ್ತರನಾಗಿದ್ದೆ. ನಿವೃತ್ತಿಯಾಯಿತು. ಬ್ಯಾಂಡ್ ಕಲಿಸಲು ಬೇರೆ ಯಾರೂ ಸಿಗಲಿಲ್ಲ. ಹಾಗಾಗಿ ಇನ್ನೂ ಹೋಗುತ್ತಿದ್ದೇನೆ. ಬ್ಯಾಂಡಿನಿಂದ ಮಕ್ಕಳಿಗೆ ಶಿಸ್ತು ಬರುತ್ತದೆ, ಒಗ್ಗಟ್ಟು ಬರುತ್ತದೆ, ನಾಯಕತ್ವ ಬರುತ್ತದೆ ಎಂದು ಎಲ್ಲ ಭಾಷಣಗಳಲ್ಲೂ ಹೇಳುತ್ತಾರೆ. ಹಾಗೆ ಹೇಳಿದವರಲ್ಲಿ ಬಿಸಿಲಲ್ಲಿ ಡ್ರಮ್ ಹೊತ್ತವರು ಒಬ್ಬರೂ ಇಲ್ಲ.

ಕಳೆದ ಜೂನಿನಲ್ಲಿ ಹೊಸ ಹೆಡ್‌ಮಾಸ್ತರರು ಬಂದರು. ಬಂದ ದಿನವೇ ನನ್ನನ್ನು ಕರೆಸಿದರು.

"ಈ ಬ್ಯಾಂಡ್ ಯಾಕ ಬೇಕ್ರಿ ಸರ? ಒಂದು ಸೌಂಡ್ ಬಾಕ್ಸ್ ತರೂಣು. ಬಟನ್ ಒತ್ತಿದ್ರ ಮುಗೀತು. ಅದಕ್ಕ ಉಪ್ಪಿಟ್ಟು ಕೊಡೂದೂ ಬ್ಯಾಡ."

"ಹುಡುಗರು?"

"ಓದ್ಲಿ. ಈ ಒಂದು ವರ್ಷ ನೋಡ್ತೇನಿ. ನಿಮ್ಮ ಬ್ಯಾಂಡಿನಿಂದ ಸಾಲಿ ಹೆಸರು ಕೆಟ್ಟಿತು ಅಂದ್ರ, ಡ್ರಮ್ಮು ಪಮ್ಮು ಎಲ್ಲಾ ಖೋಲ್ಯಾಗ ಹಾಕಿ ಕೀಲಿ ಹಾಕ್ತೇನಿ."

ಕೆಡುವಂಥ ಹೆಸರು ಶಾಲೆಗೆ ಯಾವಾಗ ಬಂದಿತ್ತು ಎಂದು ನಾನು ಕೇಳಲಿಲ್ಲ. ಮಕ್ಕಳಿಗೆ ಸುದ್ದಿ ಮುಟ್ಟಿತು. ಮರುದಿನ ಎಲ್ಲರೂ ಅಭ್ಯಾಸಕ್ಕೆ ಬಂದರು. ನನ್ನ ಸೇವಾವಧಿಯಲ್ಲಿ ಹಾಗೆ ಎಲ್ಲರೂ ಬಂದದ್ದು ಅದೇ ಮೊದಲು.

ನಾಯಕತ್ವ

ಅದೇ ವಾರ ಪೇಪರ್ ಮಿಲ್ಲಿನಲ್ಲಿ ಕೆಲಸ ಮಾಡುವ ಒಬ್ಬರು ಮಗನನ್ನು ಕರೆದುಕೊಂಡು ಬಂದರು. ಬೆಳಗಾವಿ ಕಡೆಯವರು. ಹುಡುಗ ಒಂಬತ್ತನೆಯ ತರಗತಿ, ನನಗಿಂತ ಎತ್ತರ.

"ಸರ, ಇವನ್ನ ಬ್ಯಾಂಡಿಗೆ ತಗೋರಿ. ಸ್ವಲ್ಪ ಶಿಸ್ತು ಬರ್ಲಿ."

"ಏನ್ ನುಡಸ್ತಾನ?"

"ಏನ್ ಕೊಟ್ರೂ ನುಡಸ್ತಾನ್ರಿ. ಮನೀಗೆ ಮಾತ್ರ ಕೊಟ್ ಕಳಸಬ್ಯಾಡ್ರಿ. ಅವ್ವಗ ತಲಿಶೂಲಿ ಐತಿ."

ಸಣ್ಣ ಡ್ರಮ್ ಕೊಟ್ಟು ನೋಡಿದೆ. ತಾಳ ಒಂದು ಕಡೆ, ಹುಡುಗ ಒಂದು ಕಡೆ. ಕೊಳಲು ಕೊಟ್ಟೆ. ಪಕ್ಕದ ಮನೆಯ ನಾಯಿ ಅಳತೊಡಗಿತು. ತ್ರಿಕೋನದ ಕಬ್ಬಿಣ ಕೊಟ್ಟೆ. ಅದನ್ನೂ ತಪ್ಪಾಗಿ ಬಾರಿಸಬಹುದು ಎಂದು ಅಂದು ತಿಳಿಯಿತು.

ಕೊನೆಗೆ ಬ್ಯಾಂಡಿನ ಮುಂದೆ ನಡೆಯುವವನು ಹಿಡಿಯುವ ಬೆಳ್ಳಿ ಬಣ್ಣದ ಕೋಲು ಕೊಟ್ಟೆ. ಅದು ಸಪ್ಪಳ ಮಾಡುವುದಿಲ್ಲ. ಅವನು ಕೋಲು ಎತ್ತಿದರೆ ಎಲ್ಲರೂ ಶುರು ಮಾಡಬೇಕು, ಮತ್ತೆ ಎತ್ತಿದರೆ ನಿಲ್ಲಿಸಬೇಕು. ಅಷ್ಟೇ ಕೆಲಸ.

ತಂದೆ ಮಿಲ್ಲಿನಲ್ಲೆಲ್ಲ ಪೇಢೆ ಹಂಚಿದರು. ಏನೂ ನುಡಿಸಲು ಬಾರದವನನ್ನು ಮುಂದೆ ನಿಲ್ಲಿಸುವುದು ನನ್ನ ಶೋಧವೇನಲ್ಲ. ದೇಶದಲ್ಲಿ ಮೊದಲಿನಿಂದಲೂ ಇದೆ.

ಪ್ರತಿಭೆ

ದೊಡ್ಡ ಡ್ರಮ್ ಬಾರಿಸುವವಳು ಹತ್ತನೆಯ ತರಗತಿಯ, ಸಿದ್ದಿ ಸಮುದಾಯದ ಹುಡುಗಿ. ಹಾಸ್ಟೆಲಿನಲ್ಲಿದ್ದಾಳೆ. ಇಡೀ ಬ್ಯಾಂಡ್ ನಡೆಯುವುದು ಅವಳ ಪೆಟ್ಟಿನ ಮೇಲೆ. ಮೊದಲ ವರ್ಷ ಅವಳ ಪೆಟ್ಟು ಎಲ್ಲಿ ಬೀಳುತ್ತದೆ ಎಂದು ಅವಳಿಗೇ ಗೊತ್ತಿರಲಿಲ್ಲ. ಬೆಳಿಗ್ಗೆ ಬೈದೆ, ಸಂಜೆ ಬೈದೆ. ಕಲಿತಳು.

ಮುಂಡಗೋಡಿನಲ್ಲಿ ಶಾಲೆಗಳ ಒಂದು ಕಾರ್ಯಕ್ರಮ. ನಮ್ಮವರು ಚೆನ್ನಾಗಿಯೇ ನುಡಿಸಿದರು. ಬಹುಮಾನವೆಂದು ತಲೆಗೊಂದು ಬಾಳೆಹಣ್ಣು ಕೊಟ್ಟರು. ಆಮೇಲೆ ಪಟ್ಟಣದಿಂದ ಬಂದ ಸಂಶೋಧಕರೊಬ್ಬರು ಮೈಕ್ ಹಿಡಿದು ಹುಡುಗಿಯನ್ನು ವೇದಿಕೆಗೆ ಕರೆದರು.

"ನೋಡಿ, ಇದು ಕಲಿತು ಬರುವ ವಿದ್ಯೆಯಲ್ಲ. ಈ ಸಿದ್ದಿಗಳ ರಕ್ತದಲ್ಲೇ ತಾಳವಿದೆ. ಏನಮ್ಮಾ, ನಿಮ್ಮ ಮನೆಯಲ್ಲಿ ಯಾರು ಡೋಲು ಬಾರಿಸುತ್ತಾರೆ?"

"ಯಾರೂ ಇಲ್ರಿ. ಅಪ್ಪ ಗೌಂಡಿ ಅದಾನ, ಗ್ವಾಡಿ ಕಟ್ತಾನ."

"ಅಜ್ಜ?"

"ಅಜ್ಜಗ ಕಿವಿ ಕೇಳೂದಿಲ್ರಿ."

ಸಂಶೋಧಕರು ಬಿಡಲಿಲ್ಲ. "ಹಾಗಾದರೆ ಈ ತಾಳ ನಿನಗೆ ಎಲ್ಲಿಂದ ಬಂತು?"

ಹುಡುಗಿ ಬಾಳೆಹಣ್ಣು ಹಿಡಿದ ಕೈಯಿಂದಲೇ ನನ್ನನ್ನು ತೋರಿಸಿದಳು.

"ಆ ಮುದುಕ ಸರ್ ಬೈದು ಬೈದು ಬಂದೈತ್ರಿ."

ಅತಿಥಿ ಸತ್ಕಾರ

ಜೊಯಿಡಾದಲ್ಲಿ ಒಂದು ಕಟ್ಟಡದ ಉದ್ಘಾಟನೆ. ಅತಿಥಿಗಳನ್ನು ಬ್ಯಾಂಡಿನೊಂದಿಗೆ ಎದುರುಗೊಳ್ಳಬೇಕು ಎಂದು ನಮ್ಮನ್ನು ಕರೆದರು. ಬಸ್ಸಿನಲ್ಲಿ ಹೋದೆವು. ಅತಿಥಿಗಳು ಬೆಳಿಗ್ಗೆ ಬರಬೇಕಿತ್ತು. ಬರಲಿಲ್ಲ. ಮಧ್ಯಾಹ್ನವಾಯಿತು. ಊಟ ಅತಿಥಿಗಳು ಬಂದ ಮೇಲೆ ಎಂದರು. ಮಕ್ಕಳು ರಸ್ತೆಯ ಬದಿಯಲ್ಲಿ ಸಾಲಾಗಿ ನಿಂತೇ ಇದ್ದರು.

ಸಂಜೆ ರಸ್ತೆಯ ತಿರುವಿನಲ್ಲಿ ಎರಡು ವಾಹನ ಒಟ್ಟಿಗೇ ಕಂಡವು. ಮುಂದೆ ದಾಂಡೇಲಿಗೆ ಹೋಗುವ ಕೊನೆಯ ಬಸ್ಸು. ಹಿಂದೆ ಅತಿಥಿಗಳ ಕಾರು.

ಕೋಲಿನ ಹುಡುಗ ಬಸ್ಸು ನೋಡಿದ. ಕಾರು ನೋಡಿದ. ನನ್ನನ್ನು ನೋಡಿದ. ನಾನು ಬೇರೆ ಕಡೆ ನೋಡಿದೆ. ಅವನು ಕೋಲು ಎತ್ತಿ ಬಸ್ಸಿನ ಕಡೆ ನಡೆದ. ಬ್ಯಾಂಡ್ ಸ್ವಾಗತದ ಧಾಟಿ ನುಡಿಸುತ್ತ, ಹೆಜ್ಜೆ ತಪ್ಪದೆ, ಸಾಲಾಗಿ ಬಸ್ ಹತ್ತಿತು. ನಾನೂ ಹತ್ತಿದೆ. ಅತಿಥಿಗಳು ಕಾರಿನಿಂದಿಳಿದು ಕೈ ಮುಗಿಯುವಷ್ಟರಲ್ಲಿ ಬಸ್ ಹೊರಟಿತು. ಕಿಟಕಿಯಿಂದ ಕೊಳಲು ಕೇಳುತ್ತಲೇ ಇತ್ತು.

ಮರುದಿನ ಹೆಡ್‌ಮಾಸ್ತರರು ಕೆಂಪಾಗಿದ್ದರು.

"ಅತಿಥಿಗಳು ಫೋನ್ ಮಾಡಿದ್ರು. ಏನ್ ಕೇಳಿದ್ರು ಗೊತ್ತೇನ್ರಿ?"

"ಏನ್ರಿ?"

"ಬಸ್ಸಿನ್ಯಾಗ ನನಗಿಂತ ದೊಡ್ಡವರು ಯಾರು ಬಂದಿದ್ರು ಅಂತ ಕೇಳಿದ್ರು!"

ಆಮೇಲೆ ದನಿ ಇಳಿಸಿದರು. "ಜನವರಿಗೆ ಹಳಿಯಾಳದ ಪರೇಡ್ ಐತಿ. ಅದಽ ಕಡೀದು. ಅಲ್ಲೇನರ ಆತಂದ್ರ, ಅವತ್ತಽ ಕೀಲಿ."

ಶಿಸ್ತು

ಹಳಿಯಾಳದ ಪರೇಡಿಗೆ ಮಕ್ಕಳನ್ನು ತಯಾರು ಮಾಡಿದೆ. ಒಂದೇ ನಿಯಮ ಹೇಳಿದೆ. "ಕೋಲು ಮ್ಯಾಲ ಏಳೂತನಕ ನಿಲ್ಲಬಾರದು. ಭೂಕಂಪ ಆದ್ರೂ ನಿಲ್ಲಬಾರದು." ಉಳಿದ ಶಾಲೆಗಳವರಿಗೂ ಒಂದೇ ನಿಯಮವಿತ್ತು. ಬ್ಯಾಂಡ್ ಹೋದ ಕಡೆ ಹಿಂದೆ ಹೋಗಬೇಕು. ಮೈದಾನಕ್ಕೆ ಒಂದು ಸುತ್ತು ಹಾಕಿ, ವೇದಿಕೆಯ ಎದುರು ನಿಂತು, ಅತಿಥಿಗಳ ಭಾಷಣ ಕೇಳಬೇಕು. ಆ ಅತಿಥಿಗಳ ಭಾಷಣ ನಾನು ಹಿಂದೆ ಒಮ್ಮೆ ಕೇಳಿದ್ದೆ. ಮಕ್ಕಳು ಬಿಸಿಲಿಗೆ ಒಬ್ಬೊಬ್ಬರಾಗಿ ಕುಸಿದಿದ್ದರು. ಅತಿಥಿಗಳು ನೀರು ಕುಡಿದು ಭಾಷಣ ಮುಂದುವರಿಸಿದ್ದರು.

ಬ್ಯಾಂಡ್ ಹೊರಟಿತು. ಒಂದು ಹೆಜ್ಜೆಯೂ ತಪ್ಪಲಿಲ್ಲ. ಹೆಡ್‌ಮಾಸ್ತರರು ಮೊದಲ ಸಲ ನನ್ನತ್ತ ನೋಡಿ ತಲೆಯಾಡಿಸಿದರು. ವೇದಿಕೆಯ ಎದುರು ಬಂದಾಗ ಕೋಲಿನ ಹುಡುಗನಿಗೆ ಹುಮ್ಮಸ್ಸು ಬಂತು. ನಾನು ಕಲಿಸದ ಒಂದು ಕೆಲಸ ಮಾಡಿದ. ಕೋಲನ್ನು ಗಿರಕಿ ಹೊಡೆಸಿ ಆಕಾಶಕ್ಕೆ ಎಸೆದ.

ಕೋಲು ಹೋಗಿ ಶಾಮಿಯಾನದ ಮೇಲೆ ಕೂತಿತು. ಕೆಳಗೆ ಬರಲಿಲ್ಲ.

ಹುಡುಗ ಬರಿಗೈಯಲ್ಲಿ ನಡೆದ. ನಿಲ್ಲಿಸುವ ಜಾಗ ಬಂತು. ಕೋಲು ಏಳಲಿಲ್ಲ. ಬ್ಯಾಂಡ್ ನಿಲ್ಲಲಿಲ್ಲ. ಎದುರಿಗೆ ಗೇಟು ತೆರೆದಿತ್ತು. ಬ್ಯಾಂಡ್ ಗೇಟು ದಾಟಿತು. ಹಿಂದೆ ಒಂದೊಂದೇ ಶಾಲೆ, ಸ್ಕೌಟು, ಗೈಡು, ಧ್ವಜ ಹಿಡಿದವರು, ಎಲ್ಲರೂ ದಾಟಿದರು. ಅತಿಥಿಗಳು ಸಲ್ಯೂಟಿಗೆಂದು ಹಣೆಗೆ ಕೈ ಹಚ್ಚಿ ನಿಂತೇ ಇದ್ದರು. ಅವರ ಎದುರು ಮೈದಾನದಲ್ಲಿ ಒಂದು ಕರು ಉಳಿದಿತ್ತು.

ನನ್ನ ಮೊಣಕಾಲು ಓಡುವಂಥದ್ದಲ್ಲ. ಆಟೋ ಹಿಡಿದೆ. ಬಸ್ ಸ್ಟ್ಯಾಂಡಿನ ಆಚೆ ಬ್ಯಾಂಡ್ ಸಿಕ್ಕಿತು. ಆಟೋದಿಂದಲೇ ಕೂಗಿದೆ.

"ನಿಲ್ಲಸ್ರೋ!"

ದೊಡ್ಡ ಡ್ರಮ್ಮಿನ ಹುಡುಗಿ ಬಾರಿಸುತ್ತಲೇ ಕೂಗಿದಳು. "ಕೋಲು ಎದ್ದಿಲ್ರಿ ಸರ!"

"ನಾ ಹೇಳಾಕತ್ತೇನಿ, ನಿಲ್ಲಸು!"

"ಭೂಕಂಪ ಆದ್ರೂ ನಿಲ್ಲಬಾರದು ಅಂದೀರಿ!"

ಪಕ್ಕದಲ್ಲಿ ಕಬ್ಬಿನ ಹಾಲಿನ ಗಾಡಿ ಇತ್ತು. ಒಂದು ಜಲ್ಲೆ ಕಿತ್ತುಕೊಂಡು ಕೋಲಿನ ಹುಡುಗನ ಕೈಗೆ ತುರುಕಿದೆ. ಅವನು ಎತ್ತಿದ. ಇಡೀ ಪರೇಡು ಒಂದೇ ಪೆಟ್ಟಿಗೆ ನಿಂತಿತು. ಅಷ್ಟು ಚೆನ್ನಾಗಿ ಅದು ಮೈದಾನದಲ್ಲಿ ಎಂದೂ ನಿಂತಿರಲಿಲ್ಲ.

ಮರಳಿ ಬರುವಷ್ಟರಲ್ಲಿ ಅತಿಥಿಗಳಿಗೆ ಮುಂದಿನ ಊರಿನ ಕಾರ್ಯಕ್ರಮಕ್ಕೆ ಹೊತ್ತು ಮೀರಿತ್ತು. ಭಾಷಣವಿಲ್ಲದೆ ಜೈ ಹಿಂದ್ ಎಂದು ಕಾರು ಹತ್ತಿದರು. ಹೆಡ್‌ಮಾಸ್ತರರು ನನ್ನ ಹತ್ತಿರ ಬಂದು ಒಂದೇ ಮಾತು ಹೇಳಿದರು.

"ಕೀಲಿ."

ದೊಡ್ಡ ಡ್ರಮ್ಮಿನ ಹುಡುಗಿ ಡ್ರಮ್ ಇಳಿಸಲಿಲ್ಲ. ಅದನ್ನು ಅಪ್ಪಿಕೊಂಡು ನಿಂತಳು. ಅಷ್ಟರಲ್ಲಿ ಮೈಕಿನಲ್ಲಿ ಬಹುಮಾನ ಕೂಗಿದರು. ಅತ್ಯುತ್ತಮ ಶಿಸ್ತಿನ ಢಾಲು ನಮ್ಮ ಶಾಲೆಗೆ.

ಹೆಡ್‌ಮಾಸ್ತರರು ಎಲ್ಲರಿಗಿಂತ ಮೊದಲು ವೇದಿಕೆ ಹತ್ತಿದರು. ಢಾಲು ಎದೆಗೊತ್ತಿಕೊಂಡು ಫೋಟೋಕ್ಕೆ ನಿಂತರು. ಬ್ಯಾಂಡಿನಿಂದ ಮಕ್ಕಳಿಗೆ ಎಂಥ ಶಿಸ್ತು ಬರುತ್ತದೆ ಎಂದು ಮೈಕಿನಲ್ಲಿ ಹೇಳಿದರು. ಇಳಿದು ಬರುವಾಗ ಬಹುಮಾನ ಕೊಟ್ಟ ಅಧಿಕಾರಿ ಅವರ ತೋಳು ಹಿಡಿದು ಪಕ್ಕಕ್ಕೆ ಎಳೆದರು.

"ಹೆಡ್‌ಮಾಸ್ತರ, ಈ ಬ್ಯಾಂಡ್ ಮಾತ್ರ ಬಿಡಬ್ಯಾಡ್ರಿ. ಮುಂದಿನ ವರ್ಷ ಇವತ್ತಿನವರಕಿಂತ ದೊಡ್ಡವರು ಬರೂವ್ರದಾರ. ಅವರ ಭಾಷಣ ಇನ್ನೂ ಉದ್ದ."