ಲತೇಶ ಆರಿಸಿದ ಕೋವಿ

ಲತೇಶ ಶರ್ವಾಣಿಯನ್ನು ಮೊದಲು ನೋಡಿದ್ದು ಬ್ರಹ್ಮಾವರದಲ್ಲಿ, ಅವಳ ಚಿಕ್ಕಮ್ಮನ ಬಾಡಿಗೆ ಮನೆಯ ಮಹಡಿಯ ಮೇಲೆ, ಹೆಣ್ಣು ನೋಡಲು ಹೋದ ಒಂದು ಭಾನುವಾರ ಸಂಜೆ. ಅವಳು ಹಸಿರು ಚೂಡಿದಾರ ಹಾಕಿಕೊಂಡಿದ್ದಳು. ಫ್ಯಾನು ತಿರುಗುತ್ತಿದ್ದರೂ ಲತೇಶನ ಇಸ್ತ್ರಿ ಮಾಡಿದ ಬಿಳಿ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ತಟ್ಟೆಯಲ್ಲಿ ಗೋಳಿಬಜೆ ಬಂತು, ಜೊತೆಗೆ ಚಟ್ನಿ. ಅವನ ಎಡಗೈ ತಾನಾಗಿ ಮುಂದೆ ಹೋಯಿತು. ಪಕ್ಕದಲ್ಲಿ ಕೂತಿದ್ದ ಅಮ್ಮ ಸಣ್ಣಗೆ ಕೆಮ್ಮಿದರು. ಕೈ ಬದಲಾಯಿಸುವ ಗಡಿಬಿಡಿಯಲ್ಲಿ ಗೋಳಿಬಜೆ ಚಟ್ನಿಗೆ ಬಿತ್ತು, ಚಟ್ನಿ ಅಂಗಿಗೆ ಹಾರಿತು. ಎಲ್ಲರೂ ಒಟ್ಟಿಗೆ ಫ್ಯಾನು ನೋಡತೊಡಗಿದರು. ಶರ್ವಾಣಿ ಮಾತ್ರ ಏನೂ ಆಗದವಳಂತೆ ನೀರಿನ ಲೋಟವನ್ನು ಎತ್ತಿ ಅವನ ಎಡಮಗ್ಗುಲಿಗೆ ಇಟ್ಟಳು.

(ಈ ಹುಡುಗಿಗೆ ಎಲ್ಲ ಕಾಣುತ್ತದೆ ಎಂದು ಲತೇಶ ಅಂದೇ ತಿಳಿದುಕೊಳ್ಳಬೇಕಿತ್ತು. ಅವನು ತಿಳಿದುಕೊಂಡದ್ದು, ಹುಡುಗಿಗೆ ಬಡಿಸಲು ಚೆನ್ನಾಗಿ ಬರುತ್ತದೆ ಎಂದು.)

ಲತೇಶ ಅವನ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲಿಗ. ಒಂದನೇ ತರಗತಿಯಲ್ಲಿ ಮೇಷ್ಟ್ರು ಅವನ ಎಡಗೈಯಿಂದ ಬಳಪ ಕಿತ್ತು ಬಲಗೈಗೆ ಕೊಟ್ಟಿದ್ದರು. ಅಲ್ಲಿಂದ ಕೃಷಿ ಬಿಎಸ್ಸಿ ಮುಗಿಯುವವರೆಗೂ ಬಲಗೈಯಲ್ಲೇ ಬರೆದು, ತಾನು ಎಡಚನೆಂಬುದನ್ನೇ ಮರೆತಿದ್ದ. ಉಳಿದದ್ದು ಓದುವ ಚಟ. ರಿಯಾದ್ ಬಳಿಯ ಅಲ್ ಖರ್ಜ್‌ನ ಖರ್ಜೂರದ ತೋಟಕ್ಕೆ ಕೆಲಸಕ್ಕೆ ಬಂದ ಹೊಸತರಲ್ಲಿ ಹಳೆಯ ನೀರಿನ ಪಂಪು ಕೆಟ್ಟಾಗ, ಸಿಕ್ಕಿದ ಪುಸ್ತಿಕೆಗಳನ್ನೆಲ್ಲ ಓದಿ ಹೊಸದೊಂದನ್ನು ಆರಿಸಿಕೊಟ್ಟಿದ್ದ. ಆ ಪಂಪು ಇಂದಿನವರೆಗೆ ಒಮ್ಮೆಯೂ ಮುನಿಸಿಕೊಂಡಿಲ್ಲ.

ಆ ಪಂಪೇ ಅವನಿಗೆ ಮುಳುವಾಯಿತು.

"ಲತೇಶ್," ಎಂದರು ಒಂದು ದಿನ ತೋಟದ ಒಡೆಯ ಅಬೂ ಸಾಲಿಮ್, ಆಳುಗಳ ಬಾಯಲ್ಲಿ 'ಅರಬಾಬ್', ವೀಸಾ ಕೊಡಿಸಿದ್ದರಿಂದ ಲತೇಶನ ಕಫೀಲ್. "ಈ ಚಳಿಗಾಲ ಮೊಲದ ಬೇಟೆಗೆ ಹೊಸ ಕೋವಿ ಬೇಕು. ಪರವಾನಗಿ ನನ್ನ ಹತ್ತಿರ ಇದೆ, ಇಂಗ್ಲಿಷ್ ಇಲ್ಲ. ಪಂಪು ಆರಿಸಿದವನೇ ಕೋವಿಯನ್ನೂ ಆರಿಸು."

ಲತೇಶ ಜೀವಮಾನದಲ್ಲಿ ಹಿಡಿದ ಏಕೈಕ ಆಯುಧ ಎಳನೀರು ಕೆತ್ತುವ ಕತ್ತಿ. ಆದರೂ ಒಪ್ಪಿಕೊಂಡ. ಶರ್ವಾಣಿ ಮದುವೆಯಾದ ಮೇಲೆ ಭೇಟಿಯ ವೀಸಾದಲ್ಲಿ ಬಂದವಳು. ಫೆಬ್ರವರಿಗೆ ಅದು ಮುಗಿದರೆ ಹೊರಡಬೇಕು. ಅವನ ಇಕಾಮಾದಲ್ಲಿ, ಅಂದರೆ ವಾಸದ ಪರವಾನಗಿಯಲ್ಲಿ, 'ಕೃಷಿ ಕಾರ್ಮಿಕ' ಎಂದಿರುವುದು 'ಕೃಷಿ ಎಂಜಿನಿಯರ್' ಎಂದಾದರೆ ಮಾತ್ರ ಹೆಂಡತಿಯನ್ನು ಜೊತೆಯಲ್ಲಿ ಇಟ್ಟುಕೊಳ್ಳಬಹುದು. ಅದು ಕಫೀಲರ ಕೈಯಲ್ಲಿತ್ತು. ಧೈರ್ಯ ಮಾಡಿ ಕೇಳಿದ.

"ಕೋವಿ ಬರಲಿ, ಆಮೇಲೆ ಮಾತಾಡೋಣ, ಇನ್‌ಶಾ ಅಲ್ಲಾಹ್," ಎಂದರು ಅಬೂ ಸಾಲಿಮ್.

ಅಲ್ಲಿಗೆ ಶರ್ವಾಣಿಯ ಸಂಸಾರಸುಖ ಒಂದು ಕೋವಿಯ ನಳಿಗೆಯ ತುದಿಯಲ್ಲಿ ಕೂತಿತು. ಲತೇಶ ಪರೀಕ್ಷೆಗೆ ಕೂತವನಂತೆ ಓದಿದ. ಮೊಲಕ್ಕೆ ಸಣ್ಣ ಗುಂಡಿನ 'ಪಾಯಿಂಟ್ ಟೂ ಟೂ' ಸಾಕು, ದೊಡ್ಡದಾದರೆ ಬೇಟೆಗಾರನ ಪಾಲಿಗೆ ಬರಿಯ ಕಿವಿ ಉಳಿಯುತ್ತದೆ ಎಂದು ಕಲಿತ. ಬೋಲ್ಟಿನ ಕೋವಿಯೇ ಲೇಸು ಎಂದೂ ತೀರ್ಮಾನಿಸಿದ. ಅದರಲ್ಲಿ ಪ್ರತಿ ಗುಂಡಿಗೂ ಬೋಲ್ಟಿನ ಹಿಡಿಯನ್ನು ಎತ್ತಿ, ಹಿಂದಕ್ಕೆ ಎಳೆದು, ಮುಂದಕ್ಕೆ ತಳ್ಳಬೇಕು. ಆದರೆ ಮರಳು ಹೊಕ್ಕರೂ ಬಿಚ್ಚಿ ಒರೆಸಿಬಿಡಬಹುದು. ಊಟದ ಹೊತ್ತಿನಲ್ಲಿ ಈ ಶಸ್ತ್ರಪುರಾಣದ ಪಾರಾಯಣ ನಡೆಯುತ್ತಿತ್ತು. ಶರ್ವಾಣಿ ಸಾರಿನೊಂದಿಗೆ ಅದನ್ನೂ ನುಂಗುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ನೋಡಿದಾಗ ಅವನು ನೆಲ ಒರೆಸುವ ಕೋಲನ್ನು ಭುಜಕ್ಕೇರಿಸಿ ಫ್ರಿಜ್ಜಿಗೆ ಗುರಿಯಿಟ್ಟಿದ್ದ.

"ಇದೆಂತದು ಮಾರಾಯ್ರೆ, ನೆಲ ಒರೆಸ್ತೇನೆ ಅಂದದ್ದಲ್ವಾ ನೀವು?"

"ಕೋವಿಯ ಹಿಂಬದಿ ಮರ ಎಷ್ಟು ಉದ್ದ ಇರ್ಬೇಕು ಅಂತ ನೋಡುದು. ಟೇಪು ತಾ, ಅಳೆ."

ಅವಳು ಅಳೆದಳು. ಅಳೆಯುತ್ತ ಹೇಳಿದಳು, "ನೀವು ಎಡಭುಜಕ್ಕೆ ಇಟ್ಟದ್ದು."

"ಭುಜ ಯಾವುದಾದ್ರೆ ಎಂತ? ಎರಡು ಕೈಯೂ ಒಂದೇ ಉದ್ದ."

"ಬಲಗಣ್ಣು ಮುಚ್ಚಿದ್ದೀರಿ."

"ಅದು ತಾಂತ್ರಿಕ ವಿಷಯ. ನಿಂಗೆ ಗೊತ್ತಾಗುದಿಲ್ಲ."

"ಕೋವಿ ಹಿಡಿಯುವುದು ಅವರು, ಅಳತೆ ನಿಮ್ಮದಾ?"

"ಅವರೂ ನನ್ನಷ್ಟೇ ಎತ್ತರ, ಮಾರಾಯ್ತಿ."

"ಎತ್ತರ ಹೌದು," ಎಂದು ಅವಳು ಟೇಪು ಸುತ್ತಿದಳು. "ನೀವು ಇಷ್ಟೆಲ್ಲ ಮುಗಿಸುವವರೆಗೆ ಮೊಲ ನಿಲ್ತದಾ? ಕೂತಿರು, ಚಾ ಕುಡಿ ಅಂತ ಹೇಳ್ಲಾ ಅದಕ್ಕೆ?"

ಮುಂದಿನ ವಾರ ರಿಯಾದ್‌ನ ಅಂಗಡಿಗೆ ಹೋದರು. ಗಾಡಿ ಓಡಿಸಿದವನು ತೋಟದ ಡ್ರೈವರ್, ಭಟ್ಕಳದ ಇಮ್ತಿಯಾಜ್. ಅಬೂ ಸಾಲಿಮ್ ಅಂಗಡಿಯವನ ಜೊತೆ ಅರಬರ ಕಾಫಿ ಗಾವಾ ಕುಡಿಯುತ್ತ ಅವನ ಮಕ್ಕಳು ಮೊಮ್ಮಕ್ಕಳ ಯೋಗಕ್ಷೇಮಕ್ಕೆ ಇಳಿದರು. ಲತೇಶ ಒಂದೊಂದೇ ಕೋವಿಯನ್ನು ಭುಜಕ್ಕಿಟ್ಟು ನೋಡಿದ. ಎಲ್ಲದರಲ್ಲೂ ಏನೋ ಎಡವಟ್ಟು. ಹಿಡಿ ಎಳೆಯಲು ಕೈ ಕೋವಿಯ ಮೇಲಿಂದ ದಾಟಿ ಹೋಗಬೇಕು. ಕೊನೆಗೆ ಮೂಲೆಯಲ್ಲಿ ಧೂಳು ಹಿಡಿದಿದ್ದ ಒಂದನ್ನು ಎತ್ತಿದ. ಆಹಾ, ಹಿಡಿ ತಾನೇ ಬಂದು ಕೈಯಲ್ಲಿ ಕೂತಿತು.

"ಇದೇ," ಎಂದ.

ಅಂಗಡಿಯವನು ಅವನ ಮುಖ ನೋಡಿದ. "ಇದೇನಾ?"

"ಇದೇ."

"ಖಂಡಿತ?"

"ಪೂರ್ತಿ ಓದಿದ್ದೇನೆ," ಎಂದ ಲತೇಶ. ಅಂಗಡಿಯವನು ಸಂತೋಷದಿಂದ ಒಂದು ಚರ್ಮದ ಚೀಲವನ್ನು ಉಚಿತವಾಗಿ ಕೊಟ್ಟ. (ಅಂಗಡಿಯವನೊಬ್ಬ ಸುಮ್ಮನೆ ಏನನ್ನಾದರೂ ಕೊಟ್ಟಾಗ ನಿಂತು ಯೋಚಿಸಬೇಕೆಂದು ಯಾವ ಪುಸ್ತಿಕೆಯಲ್ಲೂ ಬರೆದಿರಲಿಲ್ಲ.) ಅಬೂ ಸಾಲಿಮ್ ಮರದ ನುಣುಪನ್ನು ಸವರಿ, "ಮಾಶಾ ಅಲ್ಲಾಹ್" ಎಂದು ಚೀಲಕ್ಕೆ ಹಾಕಿಸಿದರು.

ಬೇಟೆಯ ಸುದ್ದಿ ತಂದವನು ಇಮ್ತಿಯಾಜ್. ಬಾಗಿಲಲ್ಲೇ ನಿಂತು, ನಗು ತಡೆದು ತಡೆದು ಅವನ ಕಣ್ಣಲ್ಲಿ ನೀರು ಬಂದಿತ್ತು.

"ಲತೇಶಣ್ಣ, ಎಂತ ಕೋವಿ ಕೊಡ್ಸಿದ್ದು ನೀವು? ಹಿಂದೆ ಅರಬಾಬರ ಭಾವಂದಿರೆಲ್ಲ ಸಾಲಾಗಿ ಕೂತಿದ್ರು. ಒಬ್ರು ಭಾವ ತುಂಬಿ ಕೊಟ್ಟ ಕೋವಿಯಿಂದ ಅರಬಾಬ್ ಮರಳಿನ ಮೇಲೆ ಮಲಗಿ ಗುಂಡು ಹಾರಿಸಿದ್ರು, ತಪ್ಪಿತು. ಮೊಲ ಅಲ್ಲೇ ಉಂಟು, ಕಿವಿ ಕೆರ್ಕೊಳ್ತಾ. ಎರಡನೇ ಗುಂಡಿಗೆ ಬೋಲ್ಟ್ ಎಳೀಲಿಕ್ಕೆ ಬಲಗೈ ಹಾಕಿದ್ರೆ ಹಿಡಿಯೇ ಇಲ್ಲ. ಅವ್ರು ಸವರ್ತಾರೆ, ಸವರ್ತಾರೆ. ದೊಡ್ಡ ಭಾವ ಎಂತ ಹೇಳಿದ್ದು ಗೊತ್ತುಂಟಾ? 'ಮರಳಲ್ಲಿ ಬಿದ್ದಿರ್ಬೇಕು ಅಬೂ ಸಾಲಿಮ್, ಹುಡುಕು' ಅಂತ. ಹಿಡಿ ಇದ್ದದ್ದು ಎಡಬದಿಗೆ. ಅದು ಎಡಚರ ಕೋವಿ ಅಣ್ಣ."

ಲತೇಶ ಕುರ್ಚಿಯಲ್ಲಿ ಕೂತ. ತನ್ನ ಎರಡು ಕೈಗಳನ್ನೂ ಮೊದಲ ಸಲ ನೋಡುವವನಂತೆ ನೋಡಿಕೊಂಡ.

"ನಾಳೆ ಮಜ್ಲಿಸ್‌ಗೆ ಬರ್ಬೇಕಂತೆ," ಎಂದು ಇಮ್ತಿಯಾಜ್ ಹೊರಟ.

ಶರ್ವಾಣಿ ಬೈಯಲಿಲ್ಲ. ಅದೇ ಕಷ್ಟವಾಯಿತು. ಅವಳು ಸೂಟ್‌ಕೇಸನ್ನು ಮಂಚದಡಿಯಿಂದ ಎಳೆದು, ಧೂಳು ಒರೆಸಿ, ಗೋಡೆಗೆ ಒರಗಿಸಿಟ್ಟಳು.

"ಇಷ್ಟು ಓದಿಯೂ," ಎಂದ ಲತೇಶ.

"ನಿಮ್ಮನ್ನೇ ಒಂದು ಓದ್ಲಿಲ್ಲ ನೀವು," ಎಂದು ಅವಳು ಅವನ ಎಡಗೈ ಹಿಡಿದು ಪಕ್ಕದಲ್ಲಿ ಕೂತಳು. "ನಾಳೆ ನಾನೂ ಬರ್ತೇನೆ."

ಒಡೆಯರ ಮನೆಯ ಅತಿಥಿಕೋಣೆ ಮಜ್ಲಿಸ್‌ನಲ್ಲಿ ಅಬೂ ಸಾಲಿಮರ ಪಕ್ಕ ಕೋವಿ ಅಪರಾಧಿಯಂತೆ ಮಲಗಿತ್ತು. ಅವರ ಕೊನೆಯ ಮಗಳು ಮರ್ಯಮ್, ಕಾಲೇಜಿಗೆ ಹೋಗುವ ಹುಡುಗಿ, ಶರ್ವಾಣಿಯನ್ನು ಕಂಡು ನಕ್ಕಳು. ಶುಕ್ರವಾರಗಳಲ್ಲಿ ಇಬ್ಬರೂ ತೋಟದ ಮನೆಯ ಹಿಂದೆ ಕೂತು ಮೆಹಂದಿ ಹಚ್ಚಿಕೊಳ್ಳುವವರು.

"ಹೇಳು," ಎಂದರು ಅಬೂ ಸಾಲಿಮ್.

ಲತೇಶ ಕೋವಿಯನ್ನೇ ನೋಡಿದ. ಶರ್ವಾಣಿಯೇ ಕನ್ನಡದಲ್ಲಿ ಶುರುಮಾಡಿದಳು. "ಇವರು ಎಡಚ. ತನ್ನ ಭುಜಕ್ಕೇ ಅಳತೆ ಮಾಡಿ ತಂದ್ರು. ನಾನು ಹೇಳಿದೆ, ಕೇಳ್ಲಿಲ್ಲ."

"ಏನು ಹೇಳಿದಳು?" ಎಂದರು ಅಬೂ ಸಾಲಿಮ್.

"ತಪ್ಪಾಯಿತು ಅಂತ," ಎಂದು ಲತೇಶ ಅರಬಿಯಲ್ಲಿ ಸಂಕ್ಷೇಪಿಸಿದ.

"ಅವಳು ಅದಕ್ಕಿಂತ ಉದ್ದ ಹೇಳಿದಳು. ಪೂರ್ತಿ ಹೇಳು."

ಹೀಗೆ ಲತೇಶ ತನ್ನ ಪೆದ್ದುತನದ ಪ್ರತಿಯೊಂದು ವಾಕ್ಯವನ್ನೂ, ನೆಲ ಒರೆಸುವ ಕೋಲು, ಮುಚ್ಚಿದ ಬಲಗಣ್ಣು ಸಮೇತ, ತಾನೇ ಅರಬಿಗೆ ಇಳಿಸಬೇಕಾಯಿತು. ಏನನ್ನೂ ಬಿಡುವಂತಿರಲಿಲ್ಲ, ಮಾತು ಗಿಡ್ಡವಾದಲ್ಲಿ ಹೆಂಡತಿ ಮೊಣಕೈಯಿಂದ ತಿವಿದಳು.

"ಕೋವಿ ವಾಪಸು ಕೊಡ್ಬೇಡಿ ಅಂತ ಹೇಳಿ," ಎಂದಳು ಕೊನೆಗೆ. "ಮರ್ಯಮ್ ಮೆಹಂದಿ ಬಿಡಿಸುವುದು ಎಡಗೈಯಲ್ಲಿ. ಅಜ್ಜಿ ಬಂದ ಕೂಡ್ಲೆ ಬಲಗೈಗೆ ದಾಟಿಸ್ತಾಳೆ, ಇವರ ಹಾಗೆಯೇ. ಅವಳ ಕೈಗೆ ಕೊಟ್ಟು ನೋಡಿ."

ಲತೇಶ ಹೇಳಿ ಮುಗಿಸಿದಾಗ ಮರ್ಯಮ್ ನೆಲ ನೋಡುತ್ತಿದ್ದಳು. ಅಬೂ ಸಾಲಿಮ್ ಮಗಳಿಗೆ ಬಾ ಎಂದು ಸನ್ನೆ ಮಾಡಿದರು. ಆಮೇಲೆ ಕೋವಿ ಎತ್ತಿಕೊಂಡು ಹೊರಗೆ ನಡೆದರು.

ತೋಟದಾಚೆಯ ಮಣ್ಣಿನ ದಿಬ್ಬದ ಬುಡದಲ್ಲಿ ಲಬನ್ ಮಜ್ಜಿಗೆಯ ಖಾಲಿ ಬಾಟಲಿ ನಿಲ್ಲಿಸಿದರು. ಹೇಗೆ ಹಿಡಿಯಬೇಕೆಂದು ತಂದೆ ತೋರಿಸಿದರು, ಎಲ್ಲವನ್ನೂ ಎಡಬಲ ತಿರುಗಿಸಿ, ತಡವರಿಸುತ್ತ. ಮೊದಲ ಗುಂಡು ಮಣ್ಣಿಗೆ ಹೋಯಿತು. ಮರ್ಯಮಳ ಎಡಗೈ ಹಿಡಿಯನ್ನು ಎತ್ತಿ, ಎಳೆದು, ತಳ್ಳಿತು. ಅದನ್ನು ಯಾರೂ ಕಲಿಸಿಕೊಡಬೇಕಾಗಲಿಲ್ಲ. ಎರಡನೆಯದಕ್ಕೆ ಬಾಟಲಿ ಉರುಳಿತು.

"ನನ್ನ ಮನೆಯಲ್ಲೇ ಬೆಳೆದವಳು," ಎಂದರು ಅಬೂ ಸಾಲಿಮ್ ಮೆಲ್ಲಗೆ. "ನಾನು ಅವಳ ಕೈ ನೋಡಿರಲಿಲ್ಲ."

ಸಮಯ ಕೂಡಿಬಂದಿದೆ ಎನಿಸಿ ಲತೇಶ ಗಂಟಲು ಸರಿಮಾಡಿಕೊಂಡ. "ಅರಬಾಬ್, ನನ್ನ ಇಕಾಮಾ..."

"ಪಂಪು ನೋಡುವವನು ನೀನಿದ್ದೀ," ಎಂದರು ಅವರು. "ಮನುಷ್ಯರನ್ನು ನೋಡುವವರು ನನ್ನ ಹತ್ತಿರ ಇರಲಿಲ್ಲ. ಖರ್ಜೂರ ಪ್ಯಾಕಿಂಗ್ ಶೆಡ್ಡಿಗೆ ಹೆಂಗಸರನ್ನು ಸೇರಿಸಿಕೊಂಡಿದ್ದೇನೆ, ನೋಡಿಕೊಳ್ಳಲು ಒಬ್ಬರು ಬೇಕು. ನಿನ್ನ ಹೆಂಡತಿ ಮಾಡುತ್ತಾಳಾ, ಕೇಳು."

ಅನುವಾದಕ ಕೇಳಿದ. ಸ್ವಲ್ಪ ಯೋಚಿಸಬೇಕು ಎಂದಳು ಶರ್ವಾಣಿ. (ಯೋಚಿಸಿದ್ದು ಮನೆ ಮುಟ್ಟುವವರೆಗೆ. ಮನೆ ಮುಟ್ಟಿದ ಮೇಲೆ ಸೂಟ್‌ಕೇಸನ್ನು ಮಂಚದಡಿಗೆ ತಳ್ಳಿದಳು.) ಫೆಬ್ರವರಿಯಲ್ಲಿ ಊರಿಗೆ ಹೋದಳು, ಕೆಲಸದ ವೀಸಾದಲ್ಲಿ ಮರಳಿ ಬಂದಳು. ಅವಳ ಇಕಾಮಾದಲ್ಲಿ 'ಮೇಲ್ವಿಚಾರಕಿ' ಎಂದಿದೆ. ಲತೇಶನದರಲ್ಲಿ ಈಗಲೂ 'ಕೃಷಿ ಕಾರ್ಮಿಕ'.

ಶರ್ವಾಣಿ ಈಗ ಅಲ್ ಖರ್ಜ್‌ನ ಆ ತೋಟದ ಪ್ಯಾಕಿಂಗ್ ಶೆಡ್ಡು ನೋಡಿಕೊಳ್ಳುತ್ತಾಳೆ. ಲತೇಶ ಅಲ್ಲಿಗೆ ಹಣ್ಣಿನ ಪೆಟ್ಟಿಗೆ ಕಳಿಸುತ್ತಾನೆ, ಅವಳು ಬೇಡವೆಂದದ್ದನ್ನು ವಾಪಸು ಒಯ್ಯುತ್ತಾನೆ, ಮತ್ತು ಸಂಜೆಯ ಚಹಾವನ್ನು ಎಡಗೈಯಲ್ಲಿ ಕುಡಿಯುತ್ತಾನೆ.